ತಂಪು ಕಡಲಿನ ಪಚ್ಚಿಲೆ ಮತ್ತು ಕಣ್ಣಿಗೆ ಕಾಣದ ವ್ಯತ್ಯಾಸ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ವಿಜ್ಞಾನ ಗೋಷ್ಠಿಯಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸ್ವಾಗತ ಭಾಷಣದಲ್ಲಿ ನನ್ನನ್ನು ವಿಜ್ಞಾನಿ ಎಂದು ಪರಿಚಯಿಸಿದರು. ಅದನ್ನು ಮೊದಲೇ ಸರಿಪಡಿಸಿಬಿಡುತ್ತೇನೆ. ನಾನು ಬಿ.ಇ. ಓದಿದ ಸಾಫ್ಟ್‌ವೇರ್ ಎಂಜಿನಿಯರ್. ಪ್ರಯೋಗಾಲಯಗಳು ಕಳಿಸುವ ಡಿಎನ್‌ಎ ಮಾಹಿತಿಯನ್ನು ಜೋಡಿಸಿ, ಒಂದರ ಜೊತೆ ಒಂದನ್ನು ಹೋಲಿಸಿ ನೋಡುವ ತಂತ್ರಾಂಶ ಬರೆಯುವುದು ನನ್ನ ಕೆಲಸ. ನಾವು ಬರೆದ ತಂತ್ರಾಂಶ ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷೆ ಮಾಡಲು ಯಾರಿಗೂ ಉಚಿತವಾಗಿ ಸಿಗುವ ಜೀವಿಗಳ ಮಾಹಿತಿಯನ್ನು ಬಳಸುತ್ತೇವೆ. ಹಾಗೆ ಬಳಸಿದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ತಂಪು ಸಮುದ್ರದ ಪಚ್ಚಿಲೆ. ಕಾರಣ ಸುಲಭ. ಕರಾವಳಿಯ ಹುಡುಗನಿಗೆ ಪರದೆಯ ಮೇಲೆ ಪಚ್ಚಿಲೆ ಎಂದು ಕಂಡರೆ ಸುಮ್ಮನೆ ಮುಂದೆ ಹೋಗಲು ಆಗುವುದಿಲ್ಲ.

ಪಚ್ಚಿಲೆ ನಿಮಗೆಲ್ಲ ಗೊತ್ತು. ತಿನ್ನದವರೂ ಇಳಿತದ ಹೊತ್ತಿನಲ್ಲಿ ಬಂಡೆಯ ಮೇಲೆ ನೋಡಿದ್ದೀರಿ. ಎರಡು ಚಿಪ್ಪು, ಒಳಗೆ ಮೆತ್ತಗಿನ ಮಾಂಸ, ಬಂಡೆಗೆ ಹಿಡಿದುಕೊಳ್ಳಲು ದಾರದಂಥ ನೂಲು. ನಮ್ಮ ಬಂಡೆಗಳ ಮೇಲಿರುವ ಹಸಿರು ಅಂಚಿನ ಪಚ್ಚಿಲೆ ಬೆಚ್ಚಗಿನ ನೀರಿನದು, ಅದರ ಹೆಸರು ಪೆರ್ನಾ ವಿರಿಡಿಸ್. ಯುರೋಪ್, ಉತ್ತರ ಅಮೆರಿಕ, ರಷ್ಯಾದ ತಂಪು ತೀರಗಳಲ್ಲಿ ಇದರ ದಾಯಾದಿಗಳಿವೆ. ಚಿಪ್ಪು ನೀಲಿ ಮಿಶ್ರಿತ ಕಪ್ಪು. ಅವುಗಳ ಕುಲದ ಹೆಸರು ಮಿಟಿಲಸ್. ಇವತ್ತು ನಾನು ಹೇಳುವುದು ಆ ನೀಲಿ ಪಚ್ಚಿಲೆಯ ವಿಷಯ.

ಶುರುವಿಗೆ ಒಂದು ಪ್ರಶ್ನೆ. ಸಾವಿರ ಮೈಲಿ ಉದ್ದದ ತೀರದಲ್ಲಿ ಪಚ್ಚಿಲೆ ಇದೆ ಎಂದಿಟ್ಟುಕೊಳ್ಳಿ. ಎಲ್ಲ ಒಂದೇ ತರಹ ಕಾಣುತ್ತವೆ. ಅವು ಒಳಗೂ ಒಂದೇ ಆಗಿರುತ್ತವೆಯೇ?

ಒಂದೇ ಇರಬೇಕು ಎನ್ನಲು ಒಳ್ಳೆಯ ಕಾರಣವಿದೆ. ದೊಡ್ಡ ಪಚ್ಚಿಲೆ ಕೂತಲ್ಲೇ ಕೂತಿರುತ್ತದೆ, ನಿಜ. ಆದರೆ ಅದರ ಮರಿ ಊರು ಸುತ್ತುತ್ತದೆ. ಹೆಣ್ಣು ಪಚ್ಚಿಲೆ ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ, ಗಂಡು ತನ್ನ ವೀರ್ಯವನ್ನು ಬಿಡುತ್ತದೆ. ಹುಟ್ಟಿದ ಲಾರ್ವಾ ವಾರಗಟ್ಟಲೆ ಪ್ರವಾಹದಲ್ಲಿ ತೇಲುತ್ತದೆ. ನೀರು ತಣ್ಣಗಿದ್ದಷ್ಟೂ ಬೆಳವಣಿಗೆ ನಿಧಾನ, ತೇಲುವ ದಿನಗಳು ಹೆಚ್ಚು. ಹೀಗೆ ಎಲ್ಲೋ ಹುಟ್ಟಿದ್ದು ಎಲ್ಲೋ ಹೋಗಿ ಕೂರುತ್ತದೆ. ದೊಡ್ಡ ಪಾತ್ರೆಯಲ್ಲಿ ಸೌಟು ಆಡಿಸುತ್ತಲೇ ಇದ್ದರೆ ಉಪ್ಪು ಎಲ್ಲ ಕಡೆ ಸಮ ಆಗಬೇಕಲ್ಲವೇ? ಪಚ್ಚಿಲೆಯ ವಂಶವಾಹಿಗಳೂ ಹಾಗೆಯೇ ಎಲ್ಲ ಕಡೆ ಸಮವಾಗಿರಬೇಕು ಎನಿಸುತ್ತದೆ.

ಆದರೆ ಹಾಗಿಲ್ಲ.

1758ರಲ್ಲಿ ಲಿನೇಯಸ್ ಈ ನೀಲಿ ಪಚ್ಚಿಲೆಗೆ ಮಿಟಿಲಸ್ ಎಡುಲಿಸ್ ಎಂದು ಹೆಸರಿಟ್ಟ. 1819ರಲ್ಲಿ ಲಮಾರ್ಕ್ ಮೆಡಿಟರೇನಿಯನ್ ಕಡೆಯದಕ್ಕೆ ಗ್ಯಾಲೊಪ್ರೊವಿನ್ಸಿಯಾಲಿಸ್ ಎಂದ. 1850ರಲ್ಲಿ ಗೋಲ್ಡ್ ಎಂಬಾತ ಪೆಸಿಫಿಕ್ ಕಡೆಯದಕ್ಕೆ ಟ್ರಾಸುಲಸ್ ಎಂದ. ಹೆಸರು ಕಷ್ಟವಾದರೆ ನಾವು ಇವನ್ನು ಅಟ್ಲಾಂಟಿಕ್ ಪಚ್ಚಿಲೆ, ಮೆಡಿಟರೇನಿಯನ್ ಪಚ್ಚಿಲೆ, ಪೆಸಿಫಿಕ್ ಪಚ್ಚಿಲೆ ಎಂದು ಕರೆಯೋಣ. ಆದರೆ ಚಿಪ್ಪು ಕೈಯಲ್ಲಿ ಹಿಡಿದು ಇದು ಇಂಥದ್ದು ಎಂದು ಖಚಿತವಾಗಿ ಹೇಳುವುದು ಕಷ್ಟ. ಜಾಗ ಬದಲಾದರೆ ಚಿಪ್ಪಿನ ಆಕಾರವೂ ಬದಲಾಗುತ್ತದೆ. ಮೂರೂ ಒಂದೇ ಎಂದು ವಾದಿಸಿದ ಪಂಡಿತರೂ ಬಹಳ ಕಾಲ ಇದ್ದರು.

ಈ ವಾದಕ್ಕೆ ಉತ್ತರ ಕೊಡುವ ಒಂದು ಸುಲಭದ ಪರೀಕ್ಷೆ 1995ರಲ್ಲಿ ಬಂತು. ಬಂಡೆಗೆ ಅಂಟಿಕೊಳ್ಳಲು ಪಚ್ಚಿಲೆ ಒಂದು ಪ್ರೋಟೀನನ್ನು ತಯಾರಿಸುತ್ತದೆ, ಅದೇ ಅದರ ಗೋಂದು. ಆ ಗೋಂದಿನ ವಂಶವಾಹಿಯ ಒಂದು ತುಣುಕನ್ನು ಪ್ರಯೋಗಾಲಯದಲ್ಲಿ ನಕಲು ಮಾಡಿ ಉದ್ದ ಅಳೆಯುತ್ತಾರೆ. ಡಿಎನ್‌ಎ ಎಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದ ಸಾಲು ಎಂದು ನೀವು ಪಾಠದಲ್ಲಿ ಓದಿದ್ದೀರಿ. ಆ ತುಣುಕು ಅಟ್ಲಾಂಟಿಕ್ ಪಚ್ಚಿಲೆಯಲ್ಲಿ 180 ಅಕ್ಷರ, ಪೆಸಿಫಿಕ್ ಪಚ್ಚಿಲೆಯಲ್ಲಿ 168, ಮೆಡಿಟರೇನಿಯನ್ ಪಚ್ಚಿಲೆಯಲ್ಲಿ 126. ಒಂದೇ ಪಚ್ಚಿಲೆಯಲ್ಲಿ 180 ಮತ್ತು 168 ಎರಡೂ ಸಿಕ್ಕರೆ ಅದು ಮಿಶ್ರತಳಿ, ಒಂದು ಪ್ರತಿ ತಾಯಿಯದು, ಒಂದು ತಂದೆಯದು. ಶತಮಾನ ಕಳೆದರೂ ಚಿಪ್ಪು ಹೇಳದೆ ಉಳಿಸಿಕೊಂಡಿದ್ದನ್ನು ಮೂರು ಸಂಖ್ಯೆಗಳು ಹೇಳಿಬಿಡುತ್ತವೆ.

ಸರಿ, ಮೂರು ಬಗೆ ಇವೆ. ಅದರಿಂದ ಏನಾಯಿತು ಎಂದು ನೀವು ಕೇಳಬಹುದು. ಅದಕ್ಕೆ ನಾನು ನಿಮ್ಮನ್ನು ಅಮೆರಿಕದ ಪಶ್ಚಿಮ ತೀರಕ್ಕೆ, ಕ್ಯಾಲಿಫೋರ್ನಿಯಾಕ್ಕೆ ಕರೆದೊಯ್ಯಬೇಕು.

ಅಲ್ಲಿನ ನೀಲಿ ಪಚ್ಚಿಲೆ ಮೊದಲಿನಿಂದ ಇದ್ದದ್ದೇ ಎಂದು ಜನ ನಂಬಿದ್ದರು. ಬಂದರಿನ ಕಂಬದ ಮೇಲೆ ಅಜ್ಜನ ಕಾಲದಲ್ಲೂ ಇತ್ತು, ಮೊಮ್ಮಗನ ಕಾಲದಲ್ಲೂ ಇದೆ. 1988ರಲ್ಲಿ ಮೆಕ್‌ಡೊನಾಲ್ಡ್ ಮತ್ತು ಕೋಯನ್ ಎಂಬ ಇಬ್ಬರು ಸಂಶೋಧಕರು ಅವುಗಳ ಕಿಣ್ವಗಳನ್ನು ಪರೀಕ್ಷಿಸಿದರು. ಉತ್ತರದ ತಂಪು ನೀರಿನಲ್ಲಿರುವುದು ಪೆಸಿಫಿಕ್ ಪಚ್ಚಿಲೆ. ಆದರೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಇರುವುದು ಸಾವಿರಾರು ಮೈಲಿ ದೂರದ ಮೆಡಿಟರೇನಿಯನ್ ಪಚ್ಚಿಲೆ! ಅದು ಹಡಗುಗಳ ಜೊತೆ ಬಂದ ಹೊಸಬ. ಹಾಗಾದರೆ ಅಲ್ಲಿ ಮೊದಲು ಯಾರಿದ್ದರು? ಜೊನಾಥನ್ ಗೆಲ್ಲರ್ ಎಂಬ ವಿಜ್ಞಾನಿ ಸಂಗ್ರಹಾಲಯಗಳಲ್ಲಿದ್ದ 19ನೇ ಶತಮಾನದ ಒಣಗಿದ ಪಚ್ಚಿಲೆಗಳಿಂದ ಡಿಎನ್‌ಎ ತೆಗೆದು ನೋಡಿದರು. ಅವು ಪೆಸಿಫಿಕ್ ಪಚ್ಚಿಲೆಗಳಾಗಿದ್ದವು. 1999ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಅರ್ಥವಾಯಿತೇ ಮಕ್ಕಳೇ? ಒಂದು ಸ್ಥಳೀಯ ಜೀವಿ ಒಂದು ಇಡೀ ತೀರದಿಂದ ಕಾಣೆಯಾಯಿತು. ಅದೂ ಸಂಶೋಧಕರು, ವಿಶ್ವವಿದ್ಯಾಲಯಗಳು ತುಂಬಿರುವ ಊರಿನಲ್ಲಿ. ಯಾರಿಗೂ ಗೊತ್ತೇ ಆಗಲಿಲ್ಲ. ಏಕೆಂದರೆ ಅದರ ಜಾಗದಲ್ಲಿ ಬಂದು ಕೂತದ್ದು ಅದರಂತೆಯೇ ಕಾಣುತ್ತಿತ್ತು. ಹುಲಿ ಇಲ್ಲವಾದರೆ ಕಾಡು ಖಾಲಿಯಾದದ್ದು ತಿಳಿಯುತ್ತದೆ. ಇಲ್ಲಿ ಬಂಡೆ ಖಾಲಿಯಾಗಲೇ ಇಲ್ಲ.

ಹೊಸಬ ಹೇಗೆ ಗೆದ್ದ? ಅವನಿಗೆ ಬಿಸಿ ತಡೆಯುವ ಶಕ್ತಿ ಹೆಚ್ಚು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾರ್ಜ್ ಸೊಮೆರೊ ಮತ್ತು ಅವರ ಸಂಗಡಿಗರು ಎರಡೂ ಪಚ್ಚಿಲೆಗಳ ಒಂದು ಕಿಣ್ವವನ್ನು ಹೋಲಿಸಿದರು. ಆ ಕಿಣ್ವ ಮುನ್ನೂರಕ್ಕೂ ಹೆಚ್ಚು ಅಮೈನೊ ಆಮ್ಲಗಳ ಸರಪಳಿ. ಎರಡರ ನಡುವೆ ವ್ಯತ್ಯಾಸವಿದ್ದದ್ದು ಎರಡೇ ಕೊಂಡಿಗಳಲ್ಲಿ, ಅದರಲ್ಲೂ ಬಿಸಿಗೆ ಕಿಣ್ವ ವರ್ತಿಸುವ ರೀತಿಯನ್ನು ಬದಲಿಸುತ್ತಿದ್ದದ್ದು ಒಂದೇ ಕೊಂಡಿ. ಬಿಸಿ ತಡೆಯಲು ಬೇರೆ ಅನೇಕ ಏರ್ಪಾಟುಗಳೂ ಅದಕ್ಕಿವೆ, ಇದೊಂದೇ ಕಾರಣ ಅಂತಲ್ಲ. ಆದರೂ ನನ್ನ ವೃತ್ತಿಯವರಿಗೆ ಇದು ಬಹಳ ಚೆನ್ನಾಗಿ ಅರ್ಥವಾಗುತ್ತದೆ. ಸಾವಿರ ಸಾಲಿನ ಪ್ರೋಗ್ರಾಮಿನಲ್ಲಿ ಒಂದು ಚಿಹ್ನೆ ಬದಲಾದರೆ ಸಾಕು, ನಡೆಯುವ ರೀತಿಯೇ ಬೇರೆಯಾಗುತ್ತದೆ.

ಇದುವರೆಗೆ ಹೇಳಿದ್ದು ಎರಡು ಪ್ರಭೇದಗಳ ನಡುವಿನ ವ್ಯತ್ಯಾಸ. ಇನ್ನು ಒಂದೇ ಪ್ರಭೇದದ ಒಳಗಿನ ಮಾತು. ಇದಕ್ಕೆ ಅಮೆರಿಕದ ಇನ್ನೊಂದು ಬದಿಗೆ, ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡ್ ಕೊಲ್ಲಿಗೆ ಹೋಗಬೇಕು. ಅಲ್ಲಿನದು ಅಟ್ಲಾಂಟಿಕ್ ಪಚ್ಚಿಲೆ. ಹೊರಗೆ ತೆರೆದ ಸಮುದ್ರ, ಒಳಗೆ ನದಿಗಳು ಸೇರುವುದರಿಂದ ಉಪ್ಪು ಸ್ವಲ್ಪ ಕಡಿಮೆ ಇರುವ ಕೊಲ್ಲಿ. ಆಗಲೇ ಹೆಸರು ಹೇಳಿದ ರಿಚರ್ಡ್ ಕೋಯನ್ ಮತ್ತು ಸಂಗಡಿಗರು 1970 ಮತ್ತು 80ರ ದಶಕಗಳಲ್ಲಿ ಇಲ್ಲಿ ಒಂದು ವಂಶವಾಹಿಯ ಬೆನ್ನು ಹತ್ತಿದರು. ಅದರ ಚುಟುಕು ಹೆಸರು ಲ್ಯಾಪ್. ಪ್ರೋಟೀನಿನಿಂದ ಅಮೈನೊ ಆಮ್ಲಗಳನ್ನು ಕತ್ತರಿಸಿ ಕೊಡುವ ಕಿಣ್ವಕ್ಕೆ ಸಂಬಂಧಿಸಿದ್ದು. ಈ ವಂಶವಾಹಿಗೆ ಹಲವು ರೂಪಗಳಿವೆ. ಅದರಲ್ಲಿ 94 ಎಂದು ಗುರುತಿಸಿದ ರೂಪ ತೆರೆದ ಸಮುದ್ರದ ಪಚ್ಚಿಲೆಗಳಲ್ಲಿ ನೂರಕ್ಕೆ ಸುಮಾರು 55ರಷ್ಟಿತ್ತು. ಕೊಲ್ಲಿಯ ಒಳಗೆ ಸುಮಾರು 15ಕ್ಕೆ ಇಳಿದಿತ್ತು. ಈ ಇಳಿಕೆ ಆಗುವುದು ಕೆಲವೇ ಹತ್ತು ಕಿಲೋಮೀಟರುಗಳಲ್ಲಿ.

ಮರಿಗಳು ತೇಲಿ ಬೆರೆಯುತ್ತವೆ ಎಂದೆವಲ್ಲ, ಮತ್ತೆ ಇದು ಹೇಗೆ? ಸಂಶೋಧಕರು ವಯಸ್ಸಿನ ಪ್ರಕಾರ ಎಣಿಸಿದರು. ಹೊರಗಿನಿಂದ ತೇಲಿ ಬಂದು ಆಗಷ್ಟೇ ಬಂಡೆಗೆ ಕೂತ ಮರಿಗಳಲ್ಲಿ 94ನೆಯ ರೂಪ ಧಾರಾಳವಾಗಿತ್ತು. ತಿಂಗಳುಗಳು ಕಳೆದಂತೆ ಅದು ಕಡಿಮೆಯಾಗುತ್ತಾ ಹೋಯಿತು. ಅಂದರೆ ಆ ರೂಪ ಹೊತ್ತ ಮರಿಗಳು ಕೊಲ್ಲಿಯಲ್ಲಿ ಹೆಚ್ಚಾಗಿ ಸಾಯುತ್ತಿದ್ದವು. ಕಾರಣ ಉಪ್ಪು. ಪೂರ್ತಿ ಉಪ್ಪಿನ ನೀರಿನಲ್ಲಿ ಪಚ್ಚಿಲೆ ತನ್ನ ಜೀವಕೋಶದೊಳಗೆ ಅಮೈನೊ ಆಮ್ಲಗಳನ್ನು ತುಂಬಿಸಿಕೊಂಡು ಹೊರಗಿನ ಉಪ್ಪಿಗೆ ಸಮತೂಕ ಮಾಡಿಕೊಳ್ಳುತ್ತದೆ. 94ನೆಯ ರೂಪದ ಕಿಣ್ವ ಈ ಕೆಲಸದಲ್ಲಿ ಚುರುಕು. ಸಮುದ್ರದಲ್ಲಿ ಇದು ಲಾಭ. ಉಪ್ಪು ಕಡಿಮೆ ಇರುವಲ್ಲಿ ಅದೇ ಚುರುಕುತನ ದುಂದುವೆಚ್ಚ. ಆಹಾರ ಕಡಿಮೆಯಾಗುವ ಕಾಲ ಬಂದಾಗ ದುಂದು ಮಾಡಿದವರಿಗೆ ಉಳಿತಾಯವಿರುವುದಿಲ್ಲ.

ಪ್ರತಿ ವರ್ಷ ಸಮುದ್ರ ಬೆರೆಸುತ್ತದೆ, ಪ್ರತಿ ವರ್ಷ ಕೊಲ್ಲಿ ಸೋಸುತ್ತದೆ. ಡಾರ್ವಿನ್ನನ ನಿಸರ್ಗದ ಆಯ್ಕೆ ಎಂದು ನಾವು ಓದುವುದು ಲಕ್ಷಾಂತರ ವರ್ಷಗಳ ಹಿಂದಿನ ಮಾತಲ್ಲ. ಒಂದು ವರ್ಷದೊಳಗೆ ಅದನ್ನು ಎಣಿಸಿ ನೋಡಬಹುದು. ಮತ್ತೆ 94 ಒಳ್ಳೆಯ ರೂಪವೋ ಕೆಟ್ಟ ರೂಪವೋ ಎಂದು ಕೇಳಿದರೆ ಉತ್ತರವಿಲ್ಲ. ಯಾವ ನೀರಿನಲ್ಲಿ ಎಂದು ಹೇಳಿದರೆ ಮಾತ್ರ ಉತ್ತರ.

ಈಗ ಯುರೋಪಿಗೆ ಹೋಗೋಣ. ಸ್ವೀಡನ್, ಫಿನ್ಲೆಂಡ್, ಪೋಲೆಂಡ್ ಮೊದಲಾದ ದೇಶಗಳ ನಡುವೆ ಬಾಲ್ಟಿಕ್ ಸಮುದ್ರವಿದೆ. ಹೊರಗಿನ ಸಾಗರದ ನೀರಿನಲ್ಲಿ ಸಾವಿರಕ್ಕೆ ಸುಮಾರು 35 ಪಾಲು ಉಪ್ಪಿದ್ದರೆ ಬಾಲ್ಟಿಕ್‌ನ ನಡುಭಾಗದಲ್ಲಿ ಸುಮಾರು 6ರಿಂದ 7 ಪಾಲು ಮಾತ್ರ. ಇಷ್ಟು ಸಪ್ಪೆ ನೀರಿನಲ್ಲೂ ಪಚ್ಚಿಲೆ ಇದೆ. ಹೊರಗಿನ ಉತ್ತರ ಸಮುದ್ರದಲ್ಲಿ ಅಂಗೈ ಉದ್ದ ಬೆಳೆಯುವ ಪಚ್ಚಿಲೆ ಇಲ್ಲಿ ಮೂರು ನಾಲ್ಕು ಸೆಂಟಿಮೀಟರಿಗೆ ನಿಂತುಬಿಡುತ್ತದೆ. ಚಿಪ್ಪು ತೆಳು. ನೋಡಿದವರು ಏನೆನ್ನುತ್ತಾರೆ? ಇದರ ವಂಶವೇ ಕುಳ್ಳು, ಇದು ಕಳಪೆ ತಳಿ ಎನ್ನುತ್ತಾರೆ.

ಸ್ವೀಡನ್ನಿನ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿ 1990ರಲ್ಲಿ ಪ್ರಕಟಿಸಿದರು. ಬಾಲ್ಟಿಕ್ ಪಚ್ಚಿಲೆಯನ್ನು ಹೊರಗಿನ ಉಪ್ಪು ನೀರಿಗೆ, ಹೊರಗಿನದನ್ನು ಬಾಲ್ಟಿಕ್ಕಿಗೆ ಅದಲು ಬದಲು ಮಾಡಿ ಇಟ್ಟರು. ಕುಳ್ಳು ಪಚ್ಚಿಲೆ ಉಪ್ಪು ನೀರಿನಲ್ಲಿ ಬೇಗ ಬೇಗ ಬೆಳೆಯಿತು. ದೊಡ್ಡ ಪಚ್ಚಿಲೆಯ ಬೆಳವಣಿಗೆ ಬಾಲ್ಟಿಕ್‌ನಲ್ಲಿ ಕುಂಠಿತವಾಯಿತು. ಅಂದರೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿದ್ದ ಗಾತ್ರದ ವ್ಯತ್ಯಾಸ ಬಹುಮಟ್ಟಿಗೆ ನೀರು ಮಾಡಿದ್ದು, ವಂಶ ಮಾಡಿದ್ದಲ್ಲ.

ಹಾಗಾದರೆ ವಂಶದಲ್ಲಿ ವ್ಯತ್ಯಾಸವೇ ಇಲ್ಲವೇ? ಇದೆ, ಆದರೆ ಕಾಣುವ ಜಾಗದಲ್ಲಿಲ್ಲ. ಬಾಲ್ಟಿಕ್ ಪಚ್ಚಿಲೆಯ ಮೂಲ ಪೆಸಿಫಿಕ್ ಪ್ರಭೇದ. ಹಿಮಯುಗ ಕಳೆದು ಬಾಲ್ಟಿಕ್‌ಗೆ ಉಪ್ಪು ನೀರು ನುಗ್ಗಿದ್ದು ಸುಮಾರು 8,000 ವರ್ಷಗಳ ಹಿಂದೆ, ಹಾಗಾಗಿ ಅದು ಅಲ್ಲಿ ನೆಲೆಸಿದ್ದು ಆಮೇಲೆ. ಬಂದ ಮೇಲೆ ಅಟ್ಲಾಂಟಿಕ್ ಪಚ್ಚಿಲೆಯೊಂದಿಗೆ ಬೆರೆತಿದೆ. ಎಷ್ಟರ ಮಟ್ಟಿಗೆ ಎಂದರೆ ಅದರ ಮೈಟೊಕಾಂಡ್ರಿಯಾದ ಡಿಎನ್‌ಎ ಅಟ್ಲಾಂಟಿಕ್‌ನದೇ ಆಗಿಬಿಟ್ಟಿದೆ. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಜಲಸಂಧಿಯಲ್ಲಿ ಉಪ್ಪು ಇಳಿಯುತ್ತಾ ಹೋದ ಹಾಗೆ ವಂಶವಾಹಿಗಳ ಲೆಕ್ಕವೂ ಬದಲಾಗುತ್ತಾ ಹೋಗುತ್ತದೆ.

ಇಲ್ಲಿಗೆ ನಾನು ಹೇಳಬೇಕೆಂದಿರುವ ಮಾತಿನ ಹತ್ತಿರ ಬಂದೆ. ಕ್ಯಾಲಿಫೋರ್ನಿಯಾದಲ್ಲಿ ಒಂದೇ ಎಂದು ಕಂಡದ್ದು ಬೇರೆಯಾಗಿತ್ತು. ಬಾಲ್ಟಿಕ್‌ನಲ್ಲಿ ಬೇರೆ ಎಂದು ಕಂಡದ್ದಕ್ಕೆ ಬಹುಪಾಲು ನೀರೇ ಕಾರಣವಾಗಿತ್ತು. ಕಾಣುವ ವ್ಯತ್ಯಾಸವೆಲ್ಲ ವಂಶದ್ದಲ್ಲ, ವಂಶದ ವ್ಯತ್ಯಾಸವೆಲ್ಲ ಕಾಣುವುದೂ ಇಲ್ಲ. ಅಳೆದು ನೋಡದೆ ಎರಡರ ಬಗ್ಗೆಯೂ ತೀರ್ಪು ಕೊಡಬಾರದು.

ಒಂದು ಎಚ್ಚರಿಕೆ. ನಮ್ಮ ಭಾಷೆಯಲ್ಲಿ ಜಾತಿ ಎಂಬ ಪದಕ್ಕೆ ಎರಡು ಅರ್ಥವಿದೆ. ಅದಕ್ಕೇ ನಾನು ಬೇಕೆಂದೇ ಪ್ರಭೇದ ಎಂಬ ಪದ ಬಳಸಿದ್ದೇನೆ. ಮನುಷ್ಯರಲ್ಲಿ ಪ್ರಭೇದಗಳಿಲ್ಲ, ನಾವೆಲ್ಲ ಒಂದೇ. ಆದರೆ ಸಪ್ಪೆ ನೀರಿನಲ್ಲಿ ಬೆಳೆದವನ ಗಾತ್ರ ನೋಡಿ ಅವನ ವಂಶವೇ ಇಷ್ಟು ಎನ್ನುವ ಅಭ್ಯಾಸ ಮನುಷ್ಯರಿಗೂ ಇದೆ. ಸರ್ಕಾರಿ ಶಾಲೆಯ ಮಕ್ಕಳು ಇದನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಆ ಮಾತಿಗೆ ಮೊದಲು ನೀರು ಬದಲಿಸಿ ನೋಡಿ ಎಂದು ಉತ್ತರ ಕೊಡಬಹುದು. ಈ ಶಾಲೆ 50 ವರ್ಷದಿಂದ ಮಾಡುತ್ತಾ ಬಂದಿರುವುದೂ ಅದನ್ನೇ.

ಇದೆಲ್ಲ ಓದುವವರ ಮಾತು, ಹೊಟ್ಟೆಪಾಡಿನವರಿಗೇನು ಎನ್ನುವವರಿಗೆ ಸ್ಕಾಟ್ಲೆಂಡಿನ ಲಾಕ್ ಎಟಿವ್ ಎಂಬ ಕಡಲ ಕೊಲ್ಲಿಯ ಉದಾಹರಣೆ ಕೊಡುತ್ತೇನೆ. ಅಲ್ಲಿ ನೀರಿನಲ್ಲಿ ಹಗ್ಗ ಇಳಿಬಿಟ್ಟು ಪಚ್ಚಿಲೆ ಬೆಳೆಸುತ್ತಿದ್ದರು. ಕ್ರಮೇಣ ಹಗ್ಗದ ಮೇಲೆ ತೆಳು ಚಿಪ್ಪಿನ ಪಚ್ಚಿಲೆ ಹೆಚ್ಚಾಯಿತು. ತೆಗೆಯುವಾಗಲೇ ಚಿಪ್ಪು ಒಡೆಯುತ್ತದೆ, ಒಳಗೆ ಮಾಂಸವೂ ಕಡಿಮೆ, ಮಾರುಕಟ್ಟೆಗೆ ಆಗುವುದಿಲ್ಲ. ಡಿಎನ್‌ಎ ಪರೀಕ್ಷೆ ಮಾಡಿದಾಗ ಆ ಒಂದೇ ಕೊಲ್ಲಿಯಲ್ಲಿ ಮೂರೂ ಪ್ರಭೇದಗಳು ಮತ್ತು ಅವುಗಳ ಮಿಶ್ರತಳಿಗಳು ಸಿಕ್ಕವು. ತೊಂದರೆ ಕೊಡುತ್ತಿದ್ದದ್ದು ಪೆಸಿಫಿಕ್ ಪಚ್ಚಿಲೆ. 2014ರಲ್ಲಿ ಸ್ಕಾಟ್ಲೆಂಡ್ ಸರ್ಕಾರ ಅದನ್ನು ವಾಣಿಜ್ಯಕ್ಕೆ ಹಾನಿ ಮಾಡುವ ಪ್ರಭೇದ ಎಂದು ಘೋಷಿಸಿತು. ಬಾಲ್ಟಿಕ್‌ನ ಸಪ್ಪೆ ನೀರಿನಲ್ಲಿ ಸಮುದ್ರದ ತಳದ ಬಹಳಷ್ಟು ಜಾಗ ತುಂಬಿ, ನೀರು ಸೋಸಿ, ಈಡರ್ ಎಂಬ ಬಾತುಗಳಿಗೆ ಆಹಾರವಾಗುವುದೂ ಇದೇ ಪ್ರಭೇದದ ಸಂತತಿ. ಒಂದು ಕಡೆ ಆಧಾರ, ಇನ್ನೊಂದು ಕಡೆ ಪೀಡೆ. ಮತ್ತೆ ಅದೇ ಪ್ರಶ್ನೆ, ಯಾವ ನೀರಿನಲ್ಲಿ?

ಕೊನೆಯದಾಗಿ ಉತ್ತರ ಧ್ರುವದ ಹತ್ತಿರ ಹೋಗೋಣ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಸುಮಾರು ಸಾವಿರ ವರ್ಷ ನೀಲಿ ಪಚ್ಚಿಲೆ ಇರಲಿಲ್ಲ. ಹಿಂದೆ ಬೆಚ್ಚಗಿದ್ದ ಕಾಲದಲ್ಲಿ ಇತ್ತೆಂದು ಹಳೆಯ ಚಿಪ್ಪುಗಳು ಹೇಳುತ್ತವೆ. 2004ರಲ್ಲಿ ಮುಳುಗು ಹಾಕಿದ ವಿಜ್ಞಾನಿಗಳಿಗೆ ಅಲ್ಲಿ ಜೀವಂತ ಪಚ್ಚಿಲೆ ಸಿಕ್ಕಿತು. ಬೆಚ್ಚಗಿನ ಪ್ರವಾಹದ ಜೊತೆ ಲಾರ್ವಾಗಳು ತೇಲಿ ಬಂದಿದ್ದವು. ಆಮೇಲೆ ಆರ್ಕ್‌ಟಿಕ್ ತೀರಗಳ ಪಚ್ಚಿಲೆಗಳ ಡಿಎನ್‌ಎ ಪರೀಕ್ಷೆಯಾಗಿ 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಆ ಹೆಪ್ಪುಗಟ್ಟುವ ನೀರಿನಲ್ಲೂ ಮೂರೂ ಪ್ರಭೇದಗಳ ಗುರುತು ಸಿಕ್ಕಿತು. ಕಡಲು ಬೆಚ್ಚಗಾಗುತ್ತಿರುವಾಗ ಯಾರು ಬಂದರು, ಯಾರು ಹೋದರು ಎಂದು ಮುಂದೆ ಹೇಳಬೇಕಾದರೆ ಇವತ್ತು ಯಾರಿದ್ದಾರೆ ಎಂದು ಬರೆದಿಟ್ಟಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಸತ್ಯ ತಿಳಿದದ್ದು ನೂರು ವರ್ಷ ಹಿಂದೆ ಯಾರೋ ಒಂದಿಷ್ಟು ಪಚ್ಚಿಲೆಯನ್ನು ಒಣಗಿಸಿ, ಊರು, ದಿನಾಂಕ ಬರೆದು ಎತ್ತಿಟ್ಟಿದ್ದರಿಂದ. ಅದರೊಳಗೆ ಡಿಎನ್‌ಎ ಇದೆ ಎಂದು ಆತನಿಗೆ ಗೊತ್ತಿರಲಿಲ್ಲ. ಎತ್ತಿಟ್ಟದ್ದು ಸಾಕಾಯಿತು.

ನಮ್ಮ ಕಡೆಯ ಪಚ್ಚಿಲೆಗೂ ಉಪ್ಪಿನ ಲೆಕ್ಕವಿದೆ. ಹಿನ್ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುವವರು ಕಡಲ ಬಂಡೆಯಿಂದ ಮರಿ ತರುತ್ತಾರೆ, ಮಳೆಗಾಲದ ಸಿಹಿನೀರು ಇಳಿಯುವ ಮೊದಲು ಕೊಯ್ಲು ಮುಗಿಸುತ್ತಾರೆ. ತಡವಾದರೆ ಬೆಳೆ ಸಾಯುತ್ತದೆ. ಇದನ್ನು ಪುಸ್ತಕ ಓದದ ಅಮ್ಮಂದಿರೂ ಹೇಳುತ್ತಾರೆ. ಯಾವ ಬಂಡೆಯ ಪಚ್ಚಿಲೆ ಎಷ್ಟು ದಿನ ತಡೆಯುತ್ತದೆ ಎಂಬ ಪ್ರಶ್ನೆ ಇಲ್ಲಿನ ಮಕ್ಕಳು ಕೇಳಬಹುದಾದ ಪ್ರಶ್ನೆ.

ಹಾಗಾಗಿ ಮಕ್ಕಳಲ್ಲಿ ನನ್ನ ವಿನಂತಿ ಎರಡೇ. ಒಂದು, ಈ ವರ್ಷದಿಂದ ಶಾಲೆಯ ವಿಜ್ಞಾನ ಸಂಘದಲ್ಲಿ ಒಂದು ದಪ್ಪ ಪುಸ್ತಕ ಇಡಿ. ಪ್ರತಿ ತಿಂಗಳು ಒಂದೇ ಬಂಡೆಗೆ, ದೊಡ್ಡವರ ಜೊತೆ, ಇಳಿತದ ಹೊತ್ತಿಗೆ ಹೋಗಿ. ಒಂದು ಅಡಿ ಚೌಕದಲ್ಲಿ ಎಷ್ಟು ಪಚ್ಚಿಲೆ, ಎಷ್ಟು ಉದ್ದ ಎಂದು ಬರೆಯಿರಿ. ದಿನಾಂಕ ಮರೆಯಬೇಡಿ. ಎರಡು, ಗಣಿತ ಇಷ್ಟವಾದವರು ಜೀವಶಾಸ್ತ್ರ ನಮಗಲ್ಲ ಎಂದುಕೊಳ್ಳಬೇಡಿ, ಜೀವಶಾಸ್ತ್ರ ಇಷ್ಟವಾದವರು ಕಂಪ್ಯೂಟರ್ ನಮಗಲ್ಲ ಎನ್ನಬೇಡಿ. ನಾನು ಇವತ್ತು ಹೇಳಿದ 180, 168, 126 ಎಂಬ ಲೆಕ್ಕಕ್ಕೆ ಎರಡೂ ಬೇಕು. ಈ ಪಚ್ಚಿಲೆಗಳ ಡಿಎನ್‌ಎ ಸಾಲುಗಳು ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕೂತು ಅವನ್ನು ತೆರೆಯಬಹುದು. ದಸರಾ ರಜೆಗೆ ಊರಿಗೆ ಬಂದಾಗ ಎರಡು ದಿನ ನಿಮ್ಮ ಜೊತೆ ಕೂತು ತೆರೆದು ತೋರಿಸುತ್ತೇನೆ. ಮುಖ್ಯೋಪಾಧ್ಯಾಯರ ಒಪ್ಪಿಗೆಯನ್ನು ಈಗಾಗಲೇ ಕೇಳಿದ್ದೇನೆ.

ಶಾಲೆಗೆ ನೂರು ತುಂಬುವಾಗ ಆ ಪುಸ್ತಕದಲ್ಲಿ 50 ವರ್ಷದ ಲೆಕ್ಕ ಇರಲಿ.